ಕೊನೆಯ ಮಾತಿನವರೆಗೆ ಕಿವಿ ಕೊಡಿ

(ಓದಲು ಬರೆಯಲು ಕಲಿತವರಿಗೆ ಪೂರಕ ಪಾಠ)



ನಮ್ಮ ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ನರ್ಸಿಂಗ್ ಕಲಿತ ಮಕ್ಕಳಿದ್ದಾರೆ. ಕೆಲವರು ಮಂಗಳೂರಿನಲ್ಲಿ ಕೆಲಸಕ್ಕಿದ್ದಾರೆ. ಕೆಲವರು ಗಲ್ಫ್ ದೇಶಗಳಿಗೆ ಹೋಗಿದ್ದಾರೆ. ಈಗ ಜರ್ಮನಿಗೆ ಹೋಗಲು ತಯಾರಾಗುವವರೂ ಉಂಟು.

ಕೇರಳದ ನರ್ಸುಗಳಿಗೆ ಜರ್ಮನಿ ತೀರಾ ಹೊಸ ದೇಶ ಅಲ್ಲ. 1960ರ ದಶಕದಲ್ಲಿಯೇ ಕೇರಳದ ಅನೇಕ ಯುವತಿಯರು ಆಗಿನ ಪಶ್ಚಿಮ ಜರ್ಮನಿಗೆ ಈ ಕೆಲಸಕ್ಕೆ ಹೋಗಿದ್ದರು. 2021ರ ಡಿಸೆಂಬರಿನಲ್ಲಿ ಕೇರಳ ಸರಕಾರದ ನೋರ್ಕಾ ರೂಟ್ಸ್ ಸಂಸ್ಥೆಯೂ ಜರ್ಮನಿಯ ಕೇಂದ್ರ ಉದ್ಯೋಗ ಸಂಸ್ಥೆಯೂ ನರ್ಸುಗಳನ್ನು ಕಳಿಸುವ ಬಗ್ಗೆ ಒಪ್ಪಂದ ಮಾಡಿಕೊಂಡವು.

ಅಲ್ಲಿಗೆ ಹೋಗುವವರು ಜರ್ಮನ್ ಭಾಷೆ ಕಲಿಯಲೇಬೇಕು. ಕಲಿಕೆಯ ಹಂತಗಳಿಗೆ ಎ1, ಎ2, ಬಿ1, ಬಿ2 ಎಂದು ಹೆಸರು. ಅಲ್ಲಿ ಪೂರ್ಣ ನರ್ಸ್ ಎಂದು ಮಾನ್ಯತೆ ಸಿಗಲು ಸಾಮಾನ್ಯವಾಗಿ ಬಿ2 ಹಂತ ಬೇಕಾಗುತ್ತದೆ.

ಮಕ್ಕಳು ಮನೆಯಲ್ಲಿ ಗಟ್ಟಿಯಾಗಿ ಓದುತ್ತಾರೆ. ಅಮ್ಮಂದಿರು ಕೇಳುತ್ತಾ ಇರುತ್ತಾರೆ. "ಇದು ಎಂತ ಭಾಷೆಯೋ, ನಮಗೆ ಆಗುವುದಲ್ಲ" ಎಂದು ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾಗಬೇಕಿಲ್ಲ. ಇವತ್ತು ಆ ಭಾಷೆಯ ಒಂದೇ ಒಂದು ಕ್ರಿಯಾಪದವನ್ನು ನೋಡೋಣ. ಈ ಪದ ಎರಡು ತುಂಡಾಗುತ್ತದೆ. ಒಂದು ತುಂಡು ವಾಕ್ಯದ ಕೊನೆಗೆ ಹೋಗಿ ಕೂರುತ್ತದೆ. ಅರ್ಥ ಇರುವುದು ಆ ಕೊನೆಯ ತುಂಡಿನಲ್ಲಿ.

1. ಸಂಭಾಷಣೆ ಓದಿರಿ

ಸಂಜೆ ಹೊತ್ತು. ಜೋರು ಮಳೆ. ಅಮ್ಮ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದಾಳೆ. ಮಗಳು ಪುಸ್ತಕ ಹಿಡಿದು ಕೂತಿದ್ದಾಳೆ.

ಅಮ್ಮ: ಎಂತ ಮಗಾ, ಆಗದಿಂದ "ಔಫ್, ಔಫ್" ಅಂತ ಹೇಳ್ತಾ ಇದ್ದೀ? ನಾಯಿ ಬೊಗಳಿದ ಹಾಗೆ ಕೇಳ್ತದೆ.

ಮಗಳು: ಜರ್ಮನ್ ಪಾಠ ಅಮ್ಮ. ಇವತ್ತು ಕ್ಲಾಸಿನಲ್ಲಿ ನನಗೆ ದೊಡ್ಡ ತಪ್ಪಾಯ್ತು.

ಅಮ್ಮ: ಎಂತ ತಪ್ಪು?

ಮಗಳು: ಟೀಚರ್ ರೋಗಿಯ ಹಾಗೆ ಕೂತರು. ನಾನು ನರ್ಸ್. ಅವರ ಕೈಗೆ ಬ್ಯಾಂಡೇಜ್ ಸುತ್ತಬೇಕು. ನಾನು ಸುತ್ತುವಾಗ ಅವರು "ಹೋರೆನ್ ಝೀ ಬಿಟ್ಟೆ ಔಫ್" ಅಂದರು. ಹೋರೆನ್ ಅಂದರೆ ಕೇಳುವುದು. ಅದು ನನಗೆ ಗೊತ್ತಿತ್ತು. "ದಯವಿಟ್ಟು ಕೇಳಿ" ಅಂತ ಏನೋ ಹೇಳ್ತಿದ್ದಾರೆ ಅಂದುಕೊಂಡೆ. "ಯಾ, ಯಾ" ಅಂತ ತಲೆ ಆಡಿಸಿ ಸುತ್ತುತ್ತಲೇ ಇದ್ದೆ.

ಅಮ್ಮ: ಮತ್ತೆ?

ಮಗಳು: ಅವರು ಹೇಳಿದ್ದು "ದಯವಿಟ್ಟು ನಿಲ್ಲಿಸಿ" ಅಂತ! "ಇದು ನಿಜವಾದ ಗಾಯ ಆಗಿದ್ದರೆ ರೋಗಿಗೆ ಎಷ್ಟು ನೋವಾಗ್ತಿತ್ತು?" ಅಂತ ಕೇಳಿದರು. ನನಗೆ ನಾಚಿಕೆ ಆಯ್ತು.

ಅಮ್ಮ: ಅಲ್ಲ, ಕೇಳುವುದು ಹೇಗೆ ನಿಲ್ಲಿಸುವುದು ಆಯ್ತು?

ಮಗಳು: ಕೊನೆಗೆ "ಔಫ್" ಬಂತಲ್ಲ, ಅದರಿಂದ.

ಅಮ್ಮ: ಹಾಗಾದರೆ ನೀನು ಕೊನೆವರೆಗೆ ಕೇಳಲಿಲ್ಲ. ನನಗೂ ಮೊನ್ನೆ ಹಾಗೇ ಆಯ್ತಲ್ಲ. ನಿನ್ನ ಅಣ್ಣ ಫೋನಿನಲ್ಲಿ "ಈ ಆದಿತ್ಯವಾರ ಊರಿಗೆ ಬರುವು..." ಅಂದ. ಅಷ್ಟರಲ್ಲಿ ಲೈನು ಕಟ್ಟಾಯ್ತು. ಬರುವುದು ಅಂತ ತಿಳಿದು ನಾನು ನೀರುದೋಸೆಗೆ ಅಕ್ಕಿ ನೆನೆಹಾಕಿದೆ. ಅವನು ಹೇಳಿದ್ದು "ಬರುವುದಿಲ್ಲ" ಅಂತ.

ಮಗಳು: ಸರಿ ಅಮ್ಮ! ನನ್ನ ತಪ್ಪೂ ಅದೇ.

2. ಪದದ ಅರ್ಥ

ಆ ಪದ ಔಫ್-ಹೋರೆನ್. ಜರ್ಮನ್ ಪುಸ್ತಕದಲ್ಲಿ ಇದನ್ನು ಒಂದೇ ಪದವಾಗಿ, ನಡುವೆ ಗೆರೆ ಇಲ್ಲದೆ ಬರೆಯುತ್ತಾರೆ. ನಿಮಗೆ ಓದಲು ಸುಲಭವಾಗಲಿ ಎಂದು ಇಲ್ಲಿ ಗೆರೆ ಹಾಕಿದ್ದೇವೆ.

ಹೋರೆನ್ ಎಂದರೆ ಕೇಳುವುದು, ಕಿವಿಗೆ ಬೀಳುವುದು.
ಔಫ್ ಎಂದರೆ ಮೇಲೆ.
ಔಫ್-ಹೋರೆನ್ ಎಂದರೆ ನಿಲ್ಲುವುದು, ನಿಲ್ಲಿಸುವುದು, ಬಿಟ್ಟುಬಿಡುವುದು.

ಕೇಳುವುದಕ್ಕೂ ನಿಲ್ಲಿಸುವುದಕ್ಕೂ ಏನು ಸಂಬಂಧ? ಹಳೆಯ ಕಾಲದ ಜರ್ಮನ್ ಭಾಷೆಯಲ್ಲಿ ಈ ಪದಕ್ಕೆ ತಲೆ ಎತ್ತಿ ಕಿವಿಗೊಡುವುದು ಎಂಬ ಅರ್ಥ ಇತ್ತು. ನೀವು ತೋಟದಲ್ಲಿ ಅಡಿಕೆ ಹೆಕ್ಕುತ್ತಿದ್ದೀರಿ ಎನ್ನಿ. ದೂರದಿಂದ ಯಾರೋ ಕೂಗುತ್ತಾರೆ. ಏನು ಮಾಡುತ್ತೀರಿ? ತಲೆ ಎತ್ತುತ್ತೀರಿ. ಕೈ ತಾನಾಗಿ ನಿಲ್ಲುತ್ತದೆ. ಕಿವಿ ಕೊಟ್ಟವನ ಕೆಲಸ ನಿಲ್ಲುತ್ತದೆ. ಹೀಗೆ ಕೇಳುವ ಪದ ನಿಲ್ಲಿಸುವ ಪದವಾಯಿತು.

ಉಚ್ಚಾರದ ಬಗ್ಗೆ ಎರಡು ಮಾತು. ಔಫ್ ಎಂಬಲ್ಲಿ "ಫ" ಅನ್ನು "ಫ್ಯಾನ್" ಎನ್ನುವಾಗ ಹೇಳುವ ಹಾಗೆ ಹೇಳಬೇಕು. ಹೋರೆನ್ ಎಂಬಲ್ಲಿಯ ಸ್ವರ ನಮ್ಮ ಅಕ್ಷರಮಾಲೆಯಲ್ಲಿ ಇಲ್ಲ. ಬಾಯಿಯೊಳಗೆ "ಹೇ" ಎನ್ನಬೇಕು. ತುಟಿಯನ್ನು ಮಾತ್ರ "ಹೋ" ಎನ್ನುವಾಗಿನ ಹಾಗೆ ಗುಂಡಗೆ ಇಡಬೇಕು. ಒಮ್ಮೆ ಮಾಡಿ ನೋಡಿ. ನಗು ಬರುತ್ತದೆ, ಆದರೆ ಸ್ವರ ಸರಿಯಾಗಿ ಬರುತ್ತದೆ.

ಬಿಟ್ಟೆ ಎಂಬ ಪದವನ್ನೂ ಗಮನಿಸಿ. ಅದು ನಮ್ಮ "ನಾನು ಬಿಟ್ಟೆ" ಅಲ್ಲ. ಜರ್ಮನ್ ಭಾಷೆಯಲ್ಲಿ ಬಿಟ್ಟೆ ಎಂದರೆ "ದಯವಿಟ್ಟು".

3. ಪದ ಬೇರೆಯಾಗುವುದು ಹೇಗೆ?

ಈ ವಾಕ್ಯಗಳನ್ನು ಗಟ್ಟಿಯಾಗಿ ಓದಿರಿ. ರೇಗೆನ್ ಎಂದರೆ ಮಳೆ. ಡೆರ್ ಎಂಬುದು ಹೆಸರಿನ ಮೊದಲು ಬರುವ ಸಣ್ಣ ಪದ.

ಡೆರ್ ರೇಗೆನ್ ಹೋರ್ಟ್ ಔಫ್.
ಮಳೆ ನಿಲ್ಲುತ್ತದೆ.

ಡೆರ್ ರೇಗೆನ್ ಹೋರ್ಟ್ ಹೊಯ್ಟೆ ಔಫ್.
ಮಳೆ ಇವತ್ತು ನಿಲ್ಲುತ್ತದೆ.

ಡೆರ್ ರೇಗೆನ್ ಹೋರ್ಟ್ ಹೊಯ್ಟೆ ನಿಶ್ಟ್ ಔಫ್.
ಮಳೆ ಇವತ್ತು ನಿಲ್ಲುವುದಿಲ್ಲ.

ನೋಡಿದಿರಾ? ಔಫ್-ಹೋರೆನ್ ಒಡೆದು ಎರಡಾಯಿತು. "ಹೋರ್ಟ್" ಮೊದಲು ಬಂತು. "ಔಫ್" ಕೊನೆಗೆ ಹೋಯಿತು. ಅಂಗಳದಲ್ಲಿ ಬಟ್ಟೆ ಒಣಹಾಕುವ ಹಗ್ಗವನ್ನು ನೆನಪು ಮಾಡಿ. ಈ ಕಡೆ ಒಂದು ಕಂಬ, ಆ ಕಡೆ ಒಂದು ಕಂಬ. ಹೋರ್ಟ್ ಈ ಕಡೆಯ ಕಂಬ. ಔಫ್ ಆ ಕಡೆಯ ಕಂಬ. ನಡುವಿನ ಹಗ್ಗದಲ್ಲಿ ಎಷ್ಟು ಬಟ್ಟೆ ಬೇಕಾದರೂ ಹಾಕಬಹುದು. ಇವತ್ತು, ಸಂಜೆ, ಇಲ್ಲಿ, ಎಲ್ಲವೂ ಅಲ್ಲಿ. ಆದರೆ ಆ ಕಡೆಯ ಕಂಬ ಇಲ್ಲದಿದ್ದರೆ ಹಗ್ಗ ನೆಲಕ್ಕೆ ಬೀಳುತ್ತದೆ. ವಾಕ್ಯವೂ ಹಾಗೆ.

ಕೊನೆಯ ತುಂಡು ಬದಲಾದರೆ ಅರ್ಥವೂ ಬದಲು. ಔಫ್ ಬದಲಿಗೆ "ತ್ಸು" ಹಾಕಿ ನೋಡಿ.

ಹೋರೆನ್ ಝೀ ಬಿಟ್ಟೆ ತ್ಸು.
ದಯವಿಟ್ಟು ಗಮನವಿಟ್ಟು ಕೇಳಿ.

ಹೋರೆನ್ ಝೀ ಬಿಟ್ಟೆ ಔಫ್.
ದಯವಿಟ್ಟು ನಿಲ್ಲಿಸಿ.

ಮೊದಲ ಮೂರು ಪದಗಳು ಎರಡರಲ್ಲಿಯೂ ಒಂದೇ. ಕೊನೆಯ ಪದ ಕಿವಿಗೆ ಬೀಳುವವರೆಗೆ ರೋಗಿ ಏನು ಕೇಳುತ್ತಿದ್ದಾನೆ ಎಂದು ಗೊತ್ತಾಗುವುದಿಲ್ಲ. ಒಂದರಲ್ಲಿ ನರ್ಸ್ ಕಿವಿ ಕೊಡಬೇಕು. ಇನ್ನೊಂದರಲ್ಲಿ ಕೈ ತೆಗೆಯಬೇಕು.

4. ಯಾವಾಗ ಕೂಡಿಕೊಂಡಿರುತ್ತದೆ?

ಪದ ಯಾವಾಗಲೂ ಒಡೆಯುವುದಿಲ್ಲ. "ಬೇಕು" ಎಂಬ ಅರ್ಥದ ಪದ ಬಂದಾಗ ಔಫ್-ಹೋರೆನ್ ಪೂರ್ತಿಯಾಗಿ ಕೊನೆಗೆ ಹೋಗುತ್ತದೆ.

ಡೆರ್ ರೇಗೆನ್ ಮುಸ್ ಔಫ್-ಹೋರೆನ್.
ಮಳೆ ನಿಲ್ಲಲೇಬೇಕು.

"ನಿಂತರೆ" ಎನ್ನುವಾಗಲೂ ಕೂಡಿಯೇ ಇರುತ್ತದೆ.

ವೆನ್ ಡೆರ್ ರೇಗೆನ್ ಔಫ್-ಹೋರ್ಟ್...
ಮಳೆ ನಿಂತರೆ...

ಆಗಿಹೋದ ಸಂಗತಿ ಹೇಳುವಾಗ ನಡುವೆ "ಗೆ" ಎಂಬ ಅಕ್ಷರ ನುಗ್ಗುತ್ತದೆ.

ಡೆರ್ ರೇಗೆನ್ ಹಾಟ್ ಔಫ್-ಗೆ-ಹೋರ್ಟ್.
ಮಳೆ ನಿಂತಿದೆ.

ಈ ಮೂರರಲ್ಲಿಯೂ ಒಂದು ವಿಷಯ ಸಮಾನ. ಔಫ್ ಬರುವುದು ವಾಕ್ಯದ ಕೊನೆಯ ಕಡೆಗೇ.

ಎದುರು ಸೇರಿದ ಎಲ್ಲ ತುಂಡುಗಳೂ ಬಿಟ್ಟುಹೋಗುವುದಿಲ್ಲ. ಗೆಹೋರೆನ್ ಎಂಬ ಇನ್ನೊಂದು ಪದ ಉಂಟು. ಅದರ ಅರ್ಥ "ಸೇರಿದ್ದು, ಒಬ್ಬರ ಸ್ವಂತದ್ದು". "ಡಾಸ್ ಗೆಹೋರ್ಟ್ ಮೀರ್" ಎಂದರೆ "ಅದು ನನ್ನದು". ಇಲ್ಲಿ "ಗೆ" ಒಡೆಯುವುದಿಲ್ಲ. ಗುರುತು ಹಿಡಿಯುವುದು ಹೇಗೆ? ಒತ್ತು ಕೇಳಬೇಕು. ಔಫ್-ಹೋರೆನ್ ಎನ್ನುವಾಗ ಒತ್ತು "ಔಫ್" ಮೇಲೆ. ಗೆಹೋರೆನ್ ಎನ್ನುವಾಗ ಒತ್ತು "ಹೋ" ಮೇಲೆ. ಗಟ್ಟಿಯಾಗಿ ಹೇಳುವ ತುಂಡು ಒಡೆದುಹೋಗುತ್ತದೆ. ಮೆಲ್ಲ ಹೇಳುವ ತುಂಡು ಅಂಟಿಕೊಂಡಿರುತ್ತದೆ.

5. ನಮ್ಮಲ್ಲಿ ಒಂದು "ನಿಲ್ಲು", ಅವರಲ್ಲಿ ಮೂರು

ನಾವು "ಮಳೆ ನಿಂತಿತು" ಎನ್ನುತ್ತೇವೆ. "ಬಸ್ಸು ನಿಂತಿತು" ಎನ್ನುತ್ತೇವೆ. "ಅಜ್ಜ ಬಾಗಿಲಲ್ಲಿ ನಿಂತಿದ್ದಾರೆ" ಎಂದೂ ಹೇಳುತ್ತೇವೆ. ಮೂರಕ್ಕೂ ಒಂದೇ ಪದ. ಜರ್ಮನ್ ಭಾಷೆಯಲ್ಲಿ ಮೂರಕ್ಕೆ ಮೂರು ಪದ.

ಮಳೆ, ಕೆಲಸ, ನೋವು, ಅಳು ನಿಲ್ಲುವುದು: ಔಫ್-ಹೋರೆನ್.
ಓಡುವ ಗಾಡಿ ನಿಲ್ಲುವುದು: ಆನ್-ಹಾಲ್ಟೆನ್.
ಕಾಲ ಮೇಲೆ ನಿಂತುಕೊಳ್ಳುವುದು: ಶ್ಟೇಎನ್.

ಆನ್-ಹಾಲ್ಟೆನ್ ಕೂಡ ಒಡೆಯುವ ಪದ. "ಡೆರ್ ಬುಸ್ ಹೆಲ್ಟ್ ಆನ್" ಎಂದರೆ "ಬಸ್ಸು ನಿಲ್ಲುತ್ತದೆ".

ಯಾವ ಕೆಲಸ ನಿಲ್ಲಿಸುತ್ತೇವೆ ಎಂದು ಹೇಳಲು ಔಫ್-ಹೋರೆನ್ ಜೊತೆಗೆ "ಮಿಟ್" ಎಂಬ ಪದ ಸೇರಿಸುತ್ತಾರೆ.

ಇಶ್ ಹೋರೆ ಮಿಟ್ ಡೆರ್ ಆರ್ಬೈಟ್ ಔಫ್.
ನಾನು ಕೆಲಸ ನಿಲ್ಲಿಸುತ್ತೇನೆ.

ಹೋರೆನ್ ಝೀ ಮಿಟ್ ಡೆಮ್ ರೌಖೆನ್ ಔಫ್.
ನೀವು ಬೀಡಿ ಸಿಗರೇಟು ಸೇದುವುದನ್ನು ಬಿಡಿ.

ಎರಡನೆಯದು ಡಾಕ್ಟರು ಹೇಳುವ ಮಾತು. ಅದು ಯಾವ ದೇಶದಲ್ಲಿಯೂ ಒಂದೇ.

6. ಯಾರಿಗೆ ಹೇಗೆ ಹೇಳಬೇಕು?

ನಮ್ಮಲ್ಲಿ ನೀನು, ನೀವು ಎಂದು ಎರಡು ಉಂಟಲ್ಲ? ಅವರಲ್ಲಿಯೂ ಉಂಟು. ಮಗುವಿಗೆ, ಗೆಳತಿಗೆ ಹೇಳುವಾಗ "ಹೋರ್ ಔಫ್" ಎನ್ನುತ್ತಾರೆ. ನಿಲ್ಲಿಸು ಎಂದು ಅರ್ಥ. ದೊಡ್ಡವರಿಗೆ, ಗುರುತಿಲ್ಲದವರಿಗೆ "ಹೋರೆನ್ ಝೀ ಔಫ್" ಎನ್ನುತ್ತಾರೆ. ನಿಲ್ಲಿಸಿ ಎಂದು ಅರ್ಥ. "ಝೀ" ಎಂದರೆ ನೀವು. ಆಸ್ಪತ್ರೆಯಲ್ಲಿ ದೊಡ್ಡ ವಯಸ್ಸಿನ ರೋಗಿಗಳ ಜೊತೆ ಮಾತಾಡುವಾಗ "ಝೀ" ಎನ್ನುವುದೇ ಮರ್ಯಾದೆ.

7. ಇಂಥ ಪದಗಳು ಇನ್ನೂ ಉಂಟು

ಶ್ಟೇಎನ್ ಎಂದರೆ ನಿಂತುಕೊಳ್ಳುವುದು. ಔಫ್-ಶ್ಟೇಎನ್ ಎಂದರೆ ಏಳುವುದು.

ಶ್ಟೇಎನ್ ಝೀ ಬಿಟ್ಟೆ ಔಫ್.
ದಯವಿಟ್ಟು ಏಳಿ.

ತ್ಸೀಎನ್ ಎಂದರೆ ಎಳೆಯುವುದು. ಆನ್-ತ್ಸೀಎನ್ ಎಂದರೆ ಬಟ್ಟೆ ಹಾಕಿಕೊಳ್ಳುವುದು. ಔಸ್-ತ್ಸೀಎನ್ ಎಂದರೆ ಬಟ್ಟೆ ಬಿಚ್ಚುವುದು. ಹೆಮ್ಟ್ ಎಂದರೆ ಅಂಗಿ.

ತ್ಸೀಎನ್ ಝೀ ಬಿಟ್ಟೆ ಡಾಸ್ ಹೆಮ್ಟ್ ಔಸ್.
ದಯವಿಟ್ಟು ಅಂಗಿ ಬಿಚ್ಚಿ.

ತ್ಸೀಎನ್ ಝೀ ಬಿಟ್ಟೆ ಡಾಸ್ ಹೆಮ್ಟ್ ಆನ್.
ದಯವಿಟ್ಟು ಅಂಗಿ ಹಾಕಿಕೊಳ್ಳಿ.

ಇಲ್ಲಿಯೂ ಕೊನೆಯ ಮಾತು ಕೇಳದಿದ್ದರೆ ಅಂಗಿ ಬಿಚ್ಚುವುದೋ ಹಾಕುವುದೋ ತಿಳಿಯದು!

8. ನಮ್ಮ ಕನ್ನಡದಲ್ಲಿ ನೋಡೋಣ

ಎದುರಿಗೆ ಒಂದು ಸಣ್ಣ ಪದ ಸೇರಿದರೆ ಅರ್ಥ ಬದಲಾಗುವುದು ನಮಗೆ ಹೊಸತಲ್ಲ.

ಬಿಡು, ಕೈಬಿಡು.
ಕೊಡು, ಕೈಕೊಡು.
ಹಿಡಿ, ಕೈಹಿಡಿ.

"ಸ್ನೇಹಿತ ಕೈಕೊಟ್ಟ" ಎಂದರೆ ಕೈ ಚಾಚಿದ ಎಂದು ಅರ್ಥವಲ್ಲ, ಮೋಸ ಮಾಡಿದ ಎಂದು. ಕೈಯನ್ನೂ ಕೊಡುವುದನ್ನೂ ಬೇರೆಬೇರೆ ತಿಳಿದವನಿಗೆ ಈ ಅರ್ಥ ಸಿಗುವುದಿಲ್ಲ. ಎರಡನ್ನೂ ಸೇರಿಸಿಯೇ ಕಲಿಯಬೇಕು. ಔಫ್-ಹೋರೆನ್ ಕೂಡ ಹಾಗೆಯೇ.

ಇನ್ನೊಂದು ವಿಷಯ. ಕನ್ನಡದಲ್ಲಿ ಕ್ರಿಯಾಪದ ಇರುವುದು ವಾಕ್ಯದ ಕೊನೆಯಲ್ಲಿ. ಹೌದೋ ಅಲ್ಲವೋ ಎಂದು ತಿಳಿಯುವುದೂ ಕೊನೆಯಲ್ಲಿ. "ನಾನು ನಾಳೆ ಆಸ್ಪತ್ರೆಗೆ ಹೋಗುವು..." ಎಂದರೆ ಸಾಲದು. "...ದು" ಬರುತ್ತದೋ "...ದಿಲ್ಲ" ಬರುತ್ತದೋ ಎಂದು ಕಾಯಬೇಕು. ಹುಟ್ಟಿದಂದಿನಿಂದ ನಾವು ಹೀಗೆ ಕಾಯುತ್ತಲೇ ಬಂದಿದ್ದೇವೆ. ಆದ್ದರಿಂದ ಈ ಪಾಠದ ಮುಖ್ಯ ಅಭ್ಯಾಸ ನಮ್ಮ ಮಕ್ಕಳಲ್ಲಿ ಮೊದಲೇ ಉಂಟು. ಜರ್ಮನ್ ಕೇಳುವಾಗಲೂ ಅದೇ ತಾಳ್ಮೆ ಸಾಕು.

9. ಅವರು ನಮ್ಮ ಭಾಷೆ ಕಲಿತ ಕಥೆ

ಜರ್ಮನ್ ಮಾತಾಡುವವರು ನಮ್ಮ ಕರಾವಳಿಗೆ ಬಂದು ನಮ್ಮ ಭಾಷೆ ಕಲಿತದ್ದೂ ಉಂಟು. 1834ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಕೆಲಸ ಸುರು ಮಾಡಿತು. ಆ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಅವರು 1843ರಲ್ಲಿ "ಮಂಗಳೂರ ಸಮಾಚಾರ" ಎಂಬ ಪತ್ರಿಕೆ ತಂದರು. ಅದು ಕನ್ನಡದ ಮೊದಲ ಪತ್ರಿಕೆ. ಮೋಗ್ಲಿಂಗ್ ಎಂಬ ಹೆಸರಿನ "ಮೋ" ದಲ್ಲಿಯೂ ಹೋರೆನ್ ಪದದ ಆ ಗುಂಡು ತುಟಿಯ ಸ್ವರವೇ ಇರುವುದು.

1853ರಲ್ಲಿ ಫರ್ಡಿನಾಂಡ್ ಕಿಟ್ಟೆಲ್ ಬಂದರು. ಆಗ ಅವರಿಗೆ 21 ವರ್ಷ. ವರ್ಷಗಟ್ಟಲೆ ಕನ್ನಡ ಪದಗಳನ್ನು ಕೂಡಿಸಿದರು. 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಅದರಲ್ಲಿ ಸುಮಾರು 70,000 ಪದಗಳಿವೆ. ಈ ಕಡೆ ತಲಶ್ಶೇರಿಯಲ್ಲಿ ಇದ್ದ ಹರ್ಮನ್ ಗುಂಡರ್ಟ್ ಅವರು ಮಲಯಾಳಕ್ಕೆ ನಿಘಂಟು ಮಾಡಿದರು. ಅದು 1872ರಲ್ಲಿ ಬಂತು.

ಅವರ ಭಾಷೆಯ ಸಾದಾ ವಾಕ್ಯದಲ್ಲಿ ಕ್ರಿಯಾಪದ ಎರಡನೆಯ ಜಾಗದಲ್ಲಿ ಬರುತ್ತದೆ. ನಮ್ಮಲ್ಲಿ ಕೊನೆಗೆ. ನಮ್ಮ ಮಾತು ಮುಗಿಯುವವರೆಗೆ ಅವರೂ ಕಾಯಬೇಕಾಗಿತ್ತು. ಅವರು ಕಲಿತರು. ನಮ್ಮ ಮಕ್ಕಳೂ ಕಲಿಯುತ್ತಾರೆ.

10. ಅಮ್ಮಂದಿರು ಏನು ಮಾಡಬಹುದು?

ಜರ್ಮನ್ ಭಾಷಾ ಪರೀಕ್ಷೆಯಲ್ಲಿ ಓದುವುದು, ಬರೆಯುವುದು, ಮಾತಾಡುವುದು, ಕೇಳುವುದು ಎಂದು ನಾಲ್ಕು ಭಾಗ ಉಂಟು. ಕೇಳುವ ಭಾಗದ ಹೆಸರೇ "ಹೋರೆನ್". ಧ್ವನಿಮುದ್ರಣ ಕೇಳಿಸಿ ಪ್ರಶ್ನೆ ಕೇಳುತ್ತಾರೆ. ಅರ್ಧ ಕೇಳಿ ಉತ್ತರ ಬರೆದರೆ ತಪ್ಪಾಗುತ್ತದೆ.

ಮಗಳು ಅಥವಾ ಮಗ ಓದುವಾಗ ಹತ್ತಿರ ಕೂತುಕೊಳ್ಳಿ. ಒಂದು ವಾಕ್ಯ ಹೇಳಲು ಹೇಳಿ. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿ: "ಕೊನೆಗೆ ಎಂತ ಬಂತು?" ಔಫ್ ಬಂತೋ, ತ್ಸು ಬಂತೋ, ಆನ್ ಬಂತೋ, ಔಸ್ ಬಂತೋ? ಈ ಪ್ರಶ್ನೆ ಕೇಳಲು ನಿಮಗೆ ಜರ್ಮನ್ ಬರಬೇಕೆಂದಿಲ್ಲ. ಕಿವಿ ಇದ್ದರೆ ಸಾಕು.

ನೆನಪಿಡಿ

ಔಫ್-ಹೋರೆನ್ ಎಂದರೆ ನಿಲ್ಲುವುದು, ನಿಲ್ಲಿಸುವುದು.
ಸಾದಾ ವಾಕ್ಯದಲ್ಲಿ ಔಫ್ ಒಡೆದು ಕೊನೆಗೆ ಹೋಗುತ್ತದೆ.
"ಬೇಕು", "ನಿಂತರೆ" ಎನ್ನುವಾಗ ಕೂಡಿಯೇ ಇರುತ್ತದೆ.
ಒತ್ತು ಬೀಳುವ ತುಂಡೇ ಒಡೆಯುವ ತುಂಡು.
ಗಾಡಿ ನಿಲ್ಲುವುದಕ್ಕೆ ಈ ಪದ ಅಲ್ಲ.

ಅಭ್ಯಾಸ

ಅ. ಔಫ್ ಅಥವಾ ತ್ಸು ಸೇರಿಸಿ ಬರೆಯಿರಿ.
1. ರೋಗಿಗೆ ನೋವಾಗುತ್ತಿದೆ. "ಹೋರೆನ್ ಝೀ ಬಿಟ್ಟೆ ______."
2. ಟೀಚರ್ ಪಾಠ ಹೇಳುತ್ತಿದ್ದಾರೆ. "ಹೋರೆನ್ ಝೀ ಬಿಟ್ಟೆ ______."
3. ಮಳೆ ನಿಲ್ಲುತ್ತದೆ. "ಡೆರ್ ರೇಗೆನ್ ಹೋರ್ಟ್ ______."

ಆ. ಸರಿಯೋ ತಪ್ಪೋ ಹೇಳಿರಿ.
1. ಬಿಟ್ಟೆ ಎಂದರೆ ಜರ್ಮನ್ ಭಾಷೆಯಲ್ಲಿ "ನಾನು ಬಿಟ್ಟೆ".
2. ಬಸ್ಸು ನಿಲ್ಲುವುದಕ್ಕೆ ಔಫ್-ಹೋರೆನ್ ಎನ್ನುತ್ತಾರೆ.
3. ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಬಂತು.

ಇ. ಕೈಬಿಡು, ಕೈಹಿಡಿ, ಕಿವಿಗೊಡು: ಈ ಪದಗಳನ್ನು ನಿಮ್ಮ ಸ್ವಂತ ವಾಕ್ಯದಲ್ಲಿ ಬಳಸಿ ಬರೆಯಿರಿ.

ಈ. ಯಾರದೋ ಮಾತನ್ನು ಅರ್ಧ ಕೇಳಿ ನಿಮಗೆ ತಪ್ಪಾದ ಒಂದು ಸಂಗತಿಯನ್ನು ಐದು ವಾಕ್ಯಗಳಲ್ಲಿ ಬರೆಯಿರಿ. ಮುಂದಿನ ತರಗತಿಯಲ್ಲಿ ಓದಿ ಹೇಳಿರಿ.

ಉತ್ತರಗಳು: ಅ. 1. ಔಫ್ 2. ತ್ಸು 3. ಔಫ್. ಆ. 1. ತಪ್ಪು 2. ತಪ್ಪು 3. ಸರಿ.

ಕೊನೆಗೆ ಒಂದು ಮಾತು. ಮಕ್ಕಳು ದೂರ ದೇಶಕ್ಕೆ ಹೋದ ಮೇಲೆ ಅಲ್ಲಿಯ ಯಾವುದೋ ಅಜ್ಜ, ಅಜ್ಜಿ ಅವರ ಕೈಯಲ್ಲಿರುತ್ತಾರೆ. ಆ ಅಜ್ಜಿ "ಔಫ್" ಎಂದು ಮೆಲ್ಲನೆ ಹೇಳಿದರೂ ನಮ್ಮ ಮಗಳ ಕೈ ತಕ್ಷಣ ನಿಲ್ಲಬೇಕು. ಇವತ್ತು ನಮ್ಮ ಜಗಲಿಯಲ್ಲಿ ಕಲಿತ ಪಾಠ ಅಲ್ಲಿ ಒಬ್ಬರ ನೋವು ಕಡಿಮೆ ಮಾಡುತ್ತದೆ.